ಗೆರೆ ಎಳೆಯದ ಅಕ್ಕೋರು

ಈಚೆಗೆ ಹುಲಗೂರಿನಲ್ಲಿ ಹಳೆಯ ಶಿಕ್ಷಕರನ್ನು ನೆನೆಯುವ ಸಮಾರಂಭವೊಂದು ನಡೆಯಿತು. ಅಲ್ಲಿ ಮಾತನಾಡಿದ ಹಿರಿಯರೊಬ್ಬರು ನಮ್ಮ ಅಕ್ಕೋರನ್ನು ‘ತಾಳ್ಮೆಯ ಮೂರ್ತಿ’ ಎಂದು ಕೊಂಡಾಡಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ತಾಳ್ಮೆಯೆಂಬುದು ಆ ಹೆಣ್ಣುಮಗಳ ಹತ್ತಿರ ಸುಳಿದದ್ದನ್ನು ನಾನಂತೂ ಕಂಡಿಲ್ಲ. ಬದುಕಿದ್ದಾಗ ಯಾರ ಬಿಸಿ ತಾಳಲಾರದೆ ಊರಿಂದ ಊರಿಗೆ ದಾಟಿಸಿದರೋ ಅವರನ್ನೇ ಸತ್ತ ಮೇಲೆ ತಣ್ಣಗೆ ಮಾಡಿ ಹಾರ ಹಾಕುತ್ತಾರೆ. ಹಾಕಿಕೊಳ್ಳಲಿ. ನಾನು ಕಂಡ ಅಕ್ಕೋರು ಬೇರೆ. ಅವರ ಬಗ್ಗೆ ಬರೆಯುತ್ತೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ತಾವು ಕೈಯಾರೆ ಮಾಡಿದ ಯಾವ ಪುಸ್ತಕದ ಮೇಲೂ ಅವರು ಹೆಸರು ಹಾಕಿದವರಲ್ಲ. “ಹೆಸರು ಬರದ್ರ ಇದು ಅಕ್ಕೋರ ಪುಸ್ತಕ ಅಂತ ಅಂಜಿ ಹಿಡೀತಾವು ಹುಡುಗ್ರು. ತಮ್ಮದು ಅಂತ ಹಿಡೀಬೇಕು” ಎನ್ನುತ್ತಿದ್ದರು. ನಮ್ಮ ಭಾಗದಲ್ಲಿ ಹೆಣ್ಣು ಶಿಕ್ಷಕಿಗೆ ಅಕ್ಕೋರು ಅನ್ನುವುದು ರೂಢಿ. ನನಗೆ ಆ ಮಾತು ಅಂದರೆ ಅವರೊಬ್ಬರೇ.

ನಮ್ಮೂರು ಹಾನಗಲ್ಲ ತಾಲೂಕಿನದು. ಎರಡನೆಯ ದೊಡ್ಡ ಯುದ್ಧ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಯ ಮುಂದೆ ಚಕ್ಕಡಿ ನಿಂತಿತು. ಗಂಡಸರು ಹಿಡಿಯುವಂಥ ಕರಿ ಕೊಡೆ, ಒಂದು ಟ್ರಂಕು, ಒಂದು ಬುಟ್ಟಿ ತುಂಬ ತೆಂಗಿನ ಚಿಪ್ಪು, ಇಷ್ಟರ ಜೊತೆ ಅವರು ಇಳಿದರು. ಆಗ ಅವರಿಗೆ ಮೂವತ್ತರ ಆಸುಪಾಸು ಇದ್ದಿರಬೇಕು. ಎತ್ತರದ ಆಳು, ಒಡೆದ ಹಿಮ್ಮಡಿ, ಸವಣೂರಿನ ಎಲೆ ಹಾಕಿ ಕೆಂಪಾದ ಬಾಯಿ. ಊರ ಗೌಡರು ಶಾಲೆಯ ಕಮಿಟಿಗೂ ಹಿರಿಯರು. ಹೊಸ ಅಕ್ಕೋರು ಒಬ್ಬರೇ ಬಂದದ್ದು ಅವರಿಗೆ ಸರಿಬರಲಿಲ್ಲ.

“ಯಜಮಾನ್ರು ಎಲ್ಲಿ ಅದಾರ್ರಿ ಅಕ್ಕೋರ?” ಎಂದು ಕೇಳಿದರು.

“ನಾ ಬಿಟ್ಟು ಬಂದಲ್ಲೇ ಅದಾರ್ರಿ. ಭಾಳ ಆರಾಮ ಅದಾರಂತ” ಎಂದರು ಅಕ್ಕೋರು. ಚಕ್ಕಡಿಯವನು ಮೂತಿ ತಿರುಗಿಸಿ ನಕ್ಕದ್ದನ್ನು ನಾನು ಕಂಡೆ.

ಅವರ ತವರು ಸವಣೂರು. ತಂದೆ ಚಿತ್ರಗಾರರು. ಮದುವೆಗೆ ಬಾಸಿಂಗ ಕಟ್ಟುವುದು, ನಾಗಪಂಚಮಿಗೆ ನಾಗಪ್ಪನನ್ನು ಬರೆಯುವುದು, ಮೊಹರಮ್ಮಿಗೆ ತಾಬೂತಿನ ಬಣ್ಣದ ಕಾಗದ ಕತ್ತರಿಸುವುದು, ಎಲ್ಲವೂ ಆ ಮನೆಯ ಕೆಲಸ. ಕೆಂಪು ಹಸಿರು ಅರೆಯುತ್ತಲೇ ಬೆಳೆದ ಹುಡುಗಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಶಾಲೆಗೆ ಸೇರಿದ್ದರು. ಲೆಕ್ಕ ಅವರಿಗೆ ಬರುತ್ತಿರಲಿಲ್ಲ. ಮಗ್ಗಿ ಹೇಳಿಸುವಾಗ ತಾವೇ ಎಡವುತ್ತಿದ್ದರು, ಎಡವಿದರೆ ನಮ್ಮ ಮೇಲೆ ಹರಿಹಾಯುತ್ತಿದ್ದರು. ಅವರ ಕೈಯಲ್ಲಿ ಕಲಿತ ನಾವೆಲ್ಲ ಇಂದಿಗೂ ಲೆಕ್ಕದಲ್ಲಿ ಕಚ್ಚಾ. ಕಿವಿ ಹಿಂಡಿದರೆ ಸಂಜೆಯವರೆಗೂ ಉರಿಯುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಹಾಡಲು ಬರುತ್ತಿರಲಿಲ್ಲವೆಂದು.

ಆದರೆ ಚಿತ್ರ ಬರೆಯುತ್ತಿದ್ದರು. ಮಕ್ಕಳಿಗೆ ಚಿತ್ರದ ಪುಸ್ತಕ ಮಾಡುತ್ತಿದ್ದರು.

ಯುದ್ಧದ ದೆಸೆಯಿಂದ ಕಾಗದವೇ ಸಿಗದ ಕಾಲವದು. ಬಟ್ಟೆ ಅಂಗಡಿಯ ಥಾನಿಗೆ ಸುತ್ತಿ ಬರುತ್ತಿದ್ದ ದಪ್ಪ ಕಾಗದವನ್ನು ಅವರು ಕಾಡಿ ಬೇಡಿ ತರುತ್ತಿದ್ದರು. ಹಳೆ ಸೀರೆಯ ತುಂಡಿಗೆ ಹುಣಸೆ ಬೀಜದ ಸರಿ ಬಳಿದು ಆ ಕಾಗದದ ಹಿಂದೆ ಅಂಟಿಸಿ, ಒಣಗಿಸಿ, ದಬ್ಬಣದಿಂದ ಹೊಲಿದರೆ ಪುಸ್ತಕ. ಬಣ್ಣಗಳು ತೆಂಗಿನ ಚಿಪ್ಪಿನಲ್ಲಿ: ಕಾಡಿಗೆ, ಇಂಗಳೀಕದ ಕೆಂಪು, ಅರಿಷಿಣ, ಬಟ್ಟೆಗೆ ಹಾಕುವ ನೀಲಿ. ಪುಟಕ್ಕೆ ಒಂದು ಚಿತ್ರ, ಚಿತ್ರದ ಕೆಳಗೆ ಕಡಲೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ಒಂದೋ ಎರಡೋ ಮಾತು.

ಆ ಪುಸ್ತಕಗಳಲ್ಲಿ ರಾಜ ಇರಲಿಲ್ಲ, ದೇವರಿರಲಿಲ್ಲ, ಜಾಣ ಕಾಗೆಯಾಗಲಿ ದಡ್ಡ ಸಿಂಹವಾಗಲಿ ಇರಲಿಲ್ಲ. ಇದ್ದವರು ನಾವೇ. ಬಡಿಗೇರ ಮನೆಯ ಹುಡುಗಿಗೆ ತಮ್ಮ ಹುಟ್ಟಿದ. ಅವ್ವ ತನ್ನನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವುದನ್ನು ಬಿಟ್ಟಳೆಂದು ಆ ಹುಡುಗಿ ಕೂಸಿಗೆ ಚಿವುಟಿದಳು. ಅವಳಿಗಾಗಿ ಅಕ್ಕೋರು ಹೊಟ್ಟೆಕಿಚ್ಚಿನ ಪುಸ್ತಕ ಮಾಡಿದರು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯೊಳಗೆ ಕೂತ ಒಂದು ಸಣ್ಣ ಬೆಕ್ಕು. ಕೂಸು ಅತ್ತಾಗಲೆಲ್ಲ ಉಗುರು ಚಾಚುತ್ತದೆ. ಕೊನೆಯ ಪುಟದಲ್ಲೂ ಬೆಕ್ಕು ಅಲ್ಲೇ ಇರುತ್ತದೆ, ಆದರೆ ಅಕ್ಕನ ಜೊತೆ ಅದೂ ತೊಟ್ಟಿಲಿಗೆ ಇಣುಕುತ್ತಿರುತ್ತದೆ. ಬಡಿಗೇರ ಹುಡುಗಿ ಆ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮನೆಗೆ ಒಯ್ದಳು. ಅವಳ ಅವ್ವನಿಗೆ ಓದು ಬಾರದು. ಚಿತ್ರ ಓದಿಕೊಂಡು ಮಗಳನ್ನು ತೊಡೆಗೆ ಎಳೆದುಕೊಂಡಳಂತೆ.

ಇನ್ನು ನನ್ನ ಮಾತು. ನಮ್ಮದು ಊರ ಹೊರಗಿನ ಕೇರಿ. ಕೇರಿಯಿಂದ ಶಾಲೆಗೆ ಹೋಗುತ್ತಿದ್ದವರು ನಾಲ್ಕು ಹುಡುಗಿಯರು. ನಮಗೆ ಒಳಗೆ ಜಾಗವಿರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದ ಪಾಠ ಕೇಳಬೇಕು. ಅಕ್ಕೋರು ಬಂದ ದಿನವೇ ಇದನ್ನೇನೂ ಬದಲಿಸಲಿಲ್ಲ. ತಮ್ಮ ಸ್ಟೂಲನ್ನು ಮಾತ್ರ ಎಳೆದು ತಂದು ಬಾಗಿಲ ಹೊಸ್ತಿಲಿಗೆ ಹಚ್ಚಿ ಹಾಕಿಕೊಂಡರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಪಾಠ ಎರಡೂ ಕಡೆ ಕೇಳುತ್ತಿತ್ತು. ಗೌಡರು ಕೇಳಿದ್ದಕ್ಕೆ “ಗಾಳಿಗೆ ಕುಂತೇನ್ರಿ” ಎಂದರಂತೆ.

ಒಳಗೆ ಕೂರುವವರಲ್ಲಿ ನೀಲವ್ವ ಎಂಬವಳಿದ್ದಳು, ಕಿರಾಣಿ ಅಂಗಡಿಯವರ ಮಗಳು. ಅವಳೂ ನಾನೂ ಗೆಳತಿಯರು. ಯಾರಿಗೂ ಗೊತ್ತಿಲ್ಲದ ಗೆಳೆತನ. ಶಾಲೆ ಬಿಟ್ಟ ಮೇಲೆ ಕೆರೆಯ ಹಿಂದಿನ ಹುಣಸೆ ಮರದ ಕೆಳಗೆ ಸೇರುತ್ತಿದ್ದೆವು. ಅವಳು ಉಡಿಯಲ್ಲಿ ಶೇಂಗಾ ಕದ್ದು ತರುತ್ತಿದ್ದಳು. ಒಂದೇ ಉಡಿಯಿಂದ ಇಬ್ಬರೂ ತಿನ್ನುತ್ತಿದ್ದೆವು. ಒಂದು ದಿನ ಕೈ ಕೈ ಹಿಡಿದು ಕೆರೆಯ ದಂಡೆಯ ಮೇಲೆ ಬರುತ್ತಿದ್ದಾಗ ಅವಳ ಸೋದರತ್ತೆ ಎದುರಾದಳು. ನೀಲವ್ವ ನನ್ನ ಕೈಯಿಂದ ತನ್ನ ಕೈ ಕಿತ್ತುಕೊಂಡಳು. ಕಿತ್ತುಕೊಂಡದ್ದಷ್ಟೇ ಅಲ್ಲ, “ಈಕಿ ಯಾರೋ ನಂಗೊತ್ತಿಲ್ಲ” ಎಂದಳು.

ಮರುದಿನದಿಂದ ನಾನು ಕಿಟಕಿಗೆ ಬೆನ್ನು ಹಾಕಿ ಕುಳಿತೆ. ಅಕ್ಕೋರು ಒಂದೆರಡು ದಿನ ನೋಡಿದರು. ಆಮೇಲೆ ಊಟದ ಬಿಡುವಿನಲ್ಲಿ ನನ್ನ ಪಕ್ಕ ಕಟ್ಟೆಯ ಮೇಲೆ ಬಂದು ಕುಳಿತರು.

“ಏನಾಗೇತಿ?”

“ಏನಿಲ್ರಿ.”

“ಏನಿಲ್ಲ ಅನ್ನೂದು ಯಾವ ಬಣ್ಣ ಐತಿ?”

ಅವರು ಒಳಗೆ ಹೋಗಿ ಚಿಪ್ಪುಗಳನ್ನು ತಂದು ಸಾಲಾಗಿ ಇಟ್ಟರು, ಕುಂಚವನ್ನು ನನ್ನ ಕೈಗೆ ಕೊಟ್ಟರು. ಆ ಕೊಟ್ಟದ್ದನ್ನು ಹೇಳಬೇಕು. ಊರವರು ನಮಗೆ ಏನು ಕೊಟ್ಟರೂ ಮೇಲಿನಿಂದ ಬಿಡುತ್ತಿದ್ದರು, ನಾವು ಕೆಳಗೆ ಕೈ ಒಡ್ಡಬೇಕು. ಅಕ್ಕೋರು ಬೆರಳಿಗೆ ಬೆರಳು ತಾಗಿಸಿ ಕೊಟ್ಟರು. ನಾನು ಕೆಂಪಿನಲ್ಲಿ ಅದ್ದಿದೆ, ಕಪ್ಪಿನಲ್ಲಿ ಅದ್ದಿದೆ, ಹಳದಿ ನೀಲಿ ಎಲ್ಲದರಲ್ಲೂ ಅದ್ದಿ ಅದ್ದಿ ಕಾಗದದ ಮೇಲೆ ತಿಕ್ಕಿದೆ. ಬಚ್ಚಲ ಬಗ್ಗಡದಂಥ ಬಣ್ಣ ಎದ್ದಿತು. ಕಾಗದ ಹರಿಯುವ ತನಕ ತಿಕ್ಕಿದೆ.

ಅಕ್ಕೋರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು. “ಹೌದು. ಈ ಬಣ್ಣ ನಂಗೂ ಗುರ್ತ ಐತಿ” ಎಂದರು. ಸಮಾಧಾನ ಹೇಳಲಿಲ್ಲ, ತಲೆ ಸವರಲಿಲ್ಲ. ಆಗ ನಾನು ಕೆರೆಯ ದಂಡೆಯ ಕತೆಯನ್ನೆಲ್ಲ ಹೇಳಿಬಿಟ್ಟೆ.

ಮರುದಿನ ನೀಲವ್ವನನ್ನು ಕರೆದು ಅವಳ ಮುಂದೆಯೂ ಚಿಪ್ಪುಗಳನ್ನಿಟ್ಟರು. ಅವಳು ಅರಿಷಿಣದ ಹಳದಿಯೊಂದನ್ನೇ ಬಳಿದಳಂತೆ. ಸೋದರತ್ತೆಯ ಸೀರೆಯ ಬಣ್ಣ. ಅವಳ ಅಂಜಿಕೆಯ ಬಣ್ಣ.

ಆ ಎರಡು ಬಣ್ಣದಿಂದ ಅಕ್ಕೋರು ಒಂದು ಪುಸ್ತಕ ಮಾಡಿದರು. ಮೊದಲ ಅರ್ಧ ಸಿಟ್ಟಿನ ಹುಡುಗಿಯದು, ಪುಟಪುಟಕ್ಕೂ ಆ ಬಗ್ಗಡ ಏರುತ್ತಾ ಹೋಗುತ್ತದೆ, ಹುಡುಗಿಯ ಮೂಗಿನ ತನಕ ಬರುತ್ತದೆ. ಉಳಿದ ಅರ್ಧ ಅಂಜಿದ ಹುಡುಗಿಯದು, ಹಳದಿಯಲ್ಲಿ ಅವಳ ಕೈಕಾಲು ಕರಗಿ ಹೋಗುತ್ತವೆ. ನಡುವೆ ಒಂದು ಪುಟದಲ್ಲಿ ಸಿಟ್ಟಿನ ಹುಡುಗಿ ಬಾಯಿ ತೆರೆದು ‘ನನಗೆ ನೋವಾತು’ ಅನ್ನುತ್ತಾಳೆ. ಇನ್ನೊಬ್ಬಳು ‘ನನಗೆ ಅಂಜಿಕಿ ಆತು’ ಅನ್ನುತ್ತಾಳೆ. ಕೊನೆಯ ಪುಟದಲ್ಲಿ ಮಾತಿಲ್ಲ. ಇಬ್ಬರೂ ಶಾಲೆಯೊಳಗೆ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಒಂದೇ ಉಡಿಯ ಶೇಂಗಾ ತಿನ್ನುತ್ತಿದ್ದಾರೆ. ಒಬ್ಬಳು ಉಟ್ಟದ್ದು ನನ್ನ ಹಾಗೆ ಹರಿದ ಪರಕಾರ, ನನ್ನ ಹಾಗೆ ಎಡಗಣ್ಣಿನ ಮೇಲೆ ಕಲೆ.

ಪುಸ್ತಕ ನೋಡಿದ ದಿನ ನೀಲವ್ವ ಕಟ್ಟೆಗೆ ಬಂದಳು. “ನಂಗ ಅಂಜಿಕಿ ಆತ ದುರಗೀ” ಎಂದಳು. ನಾನು “ನಂಗ ನೋವಾತು” ಎಂದೆ. ಪುಸ್ತಕದಲ್ಲಿದ್ದದ್ದೇ ಎರಡು ಮಾತು. ಆದರೆ ಆ ಪುಸ್ತಕ ಇರದಿದ್ದರೆ ಇಬ್ಬರಿಗೂ ಅವು ಬಾಯಿಗೆ ಬರುತ್ತಿರಲಿಲ್ಲ.

ಆ ವರ್ಷ ಶಾಲೆ ತಪಾಸಣೆಗೆ ಡೆಪ್ಯುಟಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತನಾಡುವವರು. ಅವರ ಜೊತೆ ಗೌಡರೂ ನೀಲವ್ವನ ಅಪ್ಪನೂ ಇದ್ದರು. ಮಗ್ಗಿ ಕೇಳಿ ಮುಖ ಸಣ್ಣದು ಮಾಡಿದ ಸಾಹೇಬರು ಗೂಡಿನಲ್ಲಿದ್ದ ಚಿತ್ರದ ಪುಸ್ತಕಗಳನ್ನು ಕಂಡು ಅರಳಿದರು. ಹೊಟ್ಟೆಯೊಳಗಿನ ಬೆಕ್ಕು ನೋಡಿ ಗಟ್ಟಿಯಾಗಿ ನಕ್ಕರು. ನಮ್ಮ ಪುಸ್ತಕವನ್ನು ಎರಡು ಸಲ ತಿರುವಿದರು.

“ಅಕ್ಕೋರ, ಇಂಥಾದ್ದು ನಾ ಎಲ್ಲೂ ಕಂಡಿಲ್ಲ. ಇದನ್ನ ಧಾರವಾಡದಾಗ ಅಚ್ಚು ಹಾಕಿಸೋಣ. ಎಲ್ಲಾ ಕನ್ನಡ ಸಾಲಿಗೂ ಹೋಗ್ತದ” ಎಂದರು.

ಅಕ್ಕೋರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಮುಖ ಹಾಗೆ ಬೆಳಗಿದ್ದನ್ನು ನಾನು ಮೊದಲಾಗಲಿ ಆಮೇಲಾಗಲಿ ನೋಡಿಲ್ಲ. ಅಚ್ಚಿನ ಯಂತ್ರದಲ್ಲಿ ಬಣ್ಣದ ಮೇಲೆ ಬಣ್ಣ ಕೂರುವ ಬಗೆಯನ್ನು ಅವರು ನಮಗೆ ಎಷ್ಟೋ ಸಲ ಆಸೆಯಿಂದ ಬಣ್ಣಿಸಿದ್ದರು.

“ಎರಡು ಮಾತು ತಿದ್ದಬೇಕಾಗ್ತದ ಅಷ್ಟ” ಎಂದರು ಸಾಹೇಬರು. “ಕಡೀ ಪುಟದಾಗ ನೀತಿ ಇಲ್ಲ. ಸಿಟ್ಟು ಮಾಡಬಾರದು, ಹಿರಿಯರ ಮಾತು ಕೇಳಬೇಕು ಅಂತ ಎರಡು ಸಾಲು ಬರೀರಿ.”

“ಯಾಕ ಮಾಡಬಾರದ್ರಿ?”

“ಏನು?”

“ಸಿಟ್ಟರಿ. ಗೆಳತಿ ಕೈ ಕಿತಗೊಂಡ್ಲು, ಗುರ್ತಿಲ್ಲ ಅಂದ್ಲು. ಈ ಹುಡಿಗೀಗೆ ಸಿಟ್ಟು ಬರಬಾರದಿತ್ತೇನ್ರಿ?”

ಸಾಹೇಬರು ನಕ್ಕು ಆ ಮಾತನ್ನು ಅಲ್ಲಿಗೇ ಬಿಟ್ಟರು. ಆದರೆ ಗೌಡರು ಕೊನೆಯ ಪುಟದ ಮೇಲೆ ಬೆರಳಿಟ್ಟರು. “ಇವ್ರಿಬ್ಬರೂ ಒಂದ ತಟ್ಟಿನ ಮ್ಯಾಲ ಯಾಕ ಕುಂತಾರ?”

“ಗೆಳತ್ಯಾರ್ರಿ.”

“ಇದರಾಗ ಒಬ್ಬಾಕಿ ಕೇರಿದು. ನೋಡಿದವರಿಗೆ ಗೊತ್ತಾಗಂಗಿಲ್ಲೇನು?”

“ಗೊತ್ತಾಗ್ಲಿ ಅಂತನ ಬರದೇನ್ರಿ.”

ನೀಲವ್ವನ ಅಪ್ಪ ತನ್ನ ಮಗಳ ಮೂಗುಬೊಟ್ಟನ್ನು ಚಿತ್ರದಲ್ಲಿ ಗುರುತು ಹಿಡಿದು ಬಿಳುಚಿಕೊಂಡ. ಗದ್ದಲ ಎದ್ದಿತು. ಸಾಹೇಬರು ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಅಕ್ಕೋರ, ಹಟ ಬ್ಯಾಡ. ಇಷ್ಟು ಛಲೋ ಪುಸ್ತಕ ಹಾಳಾಗ್ತದ. ಇಬ್ಬರ ನಡುವ ಕಟ್ಟೀದು ಒಂದು ಗೆರಿ ಎಳೀರಿ. ಒಬ್ಬಾಕಿ ಒಳಗ, ಒಬ್ಬಾಕಿ ಹೊರಗ. ಶೇಂಗಾ ಬೇಕಾದ್ರ ಇರಲಿ. ಒಂದ ಗೆರಿರಿ. ಮುಂದಿಂದು ನಾ ನೋಡ್ಕೋತೇನಿ.”

“ಕೇರಿ ಹುಡಿಗ್ಯಾರು ಒಳಗ ಕುಂದರಬಾರದಂತ ಸರಕಾರದ ಹುಕುಂ ಐತೇನ್ರಿ ಸಾಹೇಬ್ರ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹುಕುಂ ಇಲ್ಲ. ರೂಢಿ ಅದ.”

ಅಕ್ಕೋರು ಒಳಗೆ ಹೋದರು. ಕಾಡಿಗೆಯ ಚಿಪ್ಪು, ಕುಂಚ ತಂದರು. ಗೌಡರು ನಿಟ್ಟುಸಿರು ಬಿಟ್ಟು ಗೋಡೆಗೆ ಒರಗಿದರು. ಅಕ್ಕೋರು ಗೆರೆ ಎಳೆಯುತ್ತಾರೆ ಎಂದು ನಾನೂ ತಿಳಿದೆ. ಆದರೆ ಅವರು ಹೊಸ್ತಿಲು ದಾಟಿ ಕಟ್ಟೆಗೆ ಬಂದು, ಪುಸ್ತಕವನ್ನು ನನ್ನ ತೊಡೆಯ ಮೇಲೆ ಬಿಚ್ಚಿಟ್ಟು, ಕುಂಚ ನನ್ನ ಕೈಗೆ ಕೊಟ್ಟರು.

“ದುರಗವ್ವ, ಇದು ನಿನ್ನ ಸಿಟ್ಟು, ನಿನ್ನ ಗೆಳೆತನ. ನಡುವ ಒಂದು ಗೆರಿ ಬೇಕಂತ. ಎಳಿಯೂದು ಬಿಡೂದು ನಿನ್ನ ಮ್ಯಾಲ. ಎಳದ್ರ ನಾ ಬೈಯಂಗಿಲ್ಲ.”

ಹತ್ತು ವರ್ಷದ ಹುಡುಗಿಯ ಮೇಲೆ ಆ ಭಾರ ಹೇರಬಾರದಿತ್ತು ಎಂದು ಆಮೇಲೆ ನನಗೂ ಅನ್ನಿಸಿದ್ದುಂಟು. ನನ್ನ ಅಪ್ಪ ದುಡಿಯುತ್ತಿದ್ದದ್ದು ಗೌಡರ ಹೊಲದಲ್ಲಿ. ಗೌಡರು ನನ್ನನ್ನೇ ನೋಡುತ್ತಿದ್ದರು. ಆದರೆ ಇದನ್ನೂ ಹೇಳಬೇಕು, ಅಲ್ಲಿಯ ತನಕ ಯಾರೂ ಯಾವುದಕ್ಕೂ ನನ್ನನ್ನು ಕೇಳಿರಲಿಲ್ಲ. ಕಿಟಕಿಯ ಆಚೆ ನೀಲವ್ವ ತಲೆ ಬಗ್ಗಿಸಿ ಕುಳಿತಿದ್ದಳು. ಮೆಲ್ಲಗೆ ತಲೆ ಎತ್ತಿದಳು. ಅಪ್ಪನ ಎದುರಿಗೇ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು.

“ಎಳಿಯಂಗಿಲ್ರಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ಕೇಳಿದ್ರೆಲ್ರಿ?” ಎಂದು ಅಕ್ಕೋರು ಪುಸ್ತಕ ಮುಚ್ಚಿದರು. ಅಚ್ಚಿನ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಊರವರು ಯಾರೂ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಗೌಡರ ಮಾತು. ಕಟ್ಟೆಯ ಮೇಲೆ ನಾವು ನಾಲ್ವರು, ಒಳಗೆ ಬರೀ ನೆಲ. ಅಕ್ಕೋರು ಬಾಗಿಲಲ್ಲಿ ನಿಂತು ಬೀದಿಯ ಆ ತುದಿಯಿಂದ ಈ ತುದಿಯ ತನಕ ನೋಡಿದರು.

“ಒಳಗ ಇಷ್ಟು ಜಾಗಾ ಖಾಲಿ ಬಿದ್ದೇತಿ. ಹೊರಗ ಬಿಸಲಾಗ ಯಾಕ ಕುಂತೀರಿ? ಬರ್ರಿ” ಎಂದರು.

ನಾವು ಹೋದೆವು. ಒಳಗಿನ ಗೋಡೆಯಲ್ಲಿ ಒಂದು ನಕಾಶೆ ಇದೆ ಎಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಆ ಗೋಡೆ ಕಾಣುತ್ತಿರಲಿಲ್ಲ.

ಸಂಜೆ ಅಪ್ಪ ಬೇಗ ಮನೆಗೆ ಬಂದ. ಗೌಡರ ಕಣದಲ್ಲಿ ಇನ್ನು ಕೆಲಸವಿಲ್ಲವೆಂದು ಹೇಳಿ ಕಳಿಸಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಅಕ್ಕೋರ ಮನೆಗೆ ನಡೆದಳು. ಅಂಗಳದಲ್ಲೇ ನಿಂತಳು.

“ಅಕ್ಕೋರ, ನೀವು ದೊಡ್ಡವ್ರು, ಖರೆ. ಆದ್ರ ನಾಳೆ ನೀವು ಇನ್ನೊಂದೂರಿಗೆ ಹೋಗ್ತೀರಿ. ನಾವು ಇಲ್ಲೇ ಇರಾವ್ರು. ನಿಮ್ಮ ಹಟಾ ನಮ್ಮ ಒಲೀಮ್ಯಾಲ ಬಂದು ಕುಂತೇತಿ ನೋಡ್ರಿ.”

ಅಕ್ಕೋರು ವಾದಿಸದೆ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ. “ನೀ ಹೇಳೂದು ಖರೆ ಐತಿ ಯವ್ವಾ” ಎಂದರು. “ಮಗಳನ್ನ ಬಿಡಸ್ತೀನಿ ಅಂದ್ರ ನಾ ಒಂದು ಮಾತೂ ಅನ್ನಂಗಿಲ್ಲ.”

ಅವ್ವ ನನ್ನ ರಟ್ಟೆ ಬಿಟ್ಟಳು. “ಆ ಪುಸ್ತಕ ತೋರಸ್ರಿ” ಎಂದಳು. ನೋಡಿದಳು. ಬಗ್ಗಡ ಮೂಗಿನ ತನಕ ಬಂದ ಪುಟದ ಮೇಲೆ ಅವಳ ಕೈ ನಿಂತೇಬಿಟ್ಟಿತು. ಆಮೇಲೆ ನನ್ನನ್ನು ಕರೆದುಕೊಂಡು ಮನೆಗೆ ಬಂದಳು.

ಬೆಳಗ್ಗೆ ಅವಳು ನನ್ನ ತಲೆ ಎಷ್ಟು ಬಿಗಿದು ಬಾಚಿದಳೆಂದರೆ ಕಣ್ಣಲ್ಲಿ ನೀರು ಬಂತು. ಜಡೆ ಕಟ್ಟುತ್ತಾ ಹೇಳಿದಳು: “ಹೋಗು. ಒಳಗ ಕುಂದರು. ಯಾರರ ಎಬ್ಬಿಸಿದ್ರ ಏಳಬ್ಯಾಡ.”

ಅದಕ್ಕೇ ಹೇಳುತ್ತೇನೆ, ಅಕ್ಕೋರು ನಮ್ಮನ್ನು ಉದ್ಧಾರ ಮಾಡಿದರು ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಒಪ್ಪಿಗೆಯಿಲ್ಲ. ಅವರು ಗೆರೆ ಎಳೆಯಲಿಲ್ಲ. ಅದರ ಬೆಲೆ ತೆತ್ತವಳು ನನ್ನ ಅವ್ವ. ಆ ಸುಗ್ಗಿಯೆಲ್ಲ ಅವಳೂ ಅಪ್ಪನೂ ಪರವೂರಿನ ಕಣಗಳಿಗೆ ಹೋಗಿ ದುಡಿದರು.

ಹೀಗೆ ಕೆಲವು ದಿನ ನಡೆಯಿತು. ನಾವು ನಾಲ್ವರೇ ಒಳಗೆ ಕುಳಿತು ಓದಿದೆವು. ಆಮೇಲೆ ಒಂದು ಬೆಳಗ್ಗೆ ನೀಲವ್ವನ ಅವ್ವ ಮಗಳ ಕೈ ಹಿಡಿದು ಬಂದಳು. ತಲೆಯ ಮೇಲಿನ ಸೆರಗು ಸರಿಸದ, ಬೀದಿಯಲ್ಲಿ ದನಿ ಎತ್ತದ ಹೆಣ್ಣುಮಗಳು. ಹಿಂದಿನಿಂದ ಅವಳ ಗಂಡ ಅಂಗಡಿ ಬಿಟ್ಟು ಓಡಿ ಬಂದ. “ಮನೀಗೆ ನಡಿ, ಊರ ಮುಂದ ಮಾನಾ ಕಳೀಬ್ಯಾಡ” ಎಂದು ಕೂಗಿದ.

ಅವಳು ತಿರುಗಿ ನಿಂತಳು. “ನನ್ನ ಮಗಳು ತನಗ ಅಂಜಿಕಿ ಆಗೂದನ್ನ ಬಾಯಿ ಬಿಟ್ಟು ಹೇಳಾಕ ಕಲತಾಳ್ರಿ. ನಾ ಇಷ್ಟು ವರ್ಷ ನಿಮ್ಮ ಮನ್ಯಾಗ ಬಾಳೇ ಮಾಡೇನಿ, ಒಮ್ಮೆನೂ ಹೇಳಿಲ್ಲ. ಈಕಿ ಸಾಲೀಗೆ ಹೋಗಾಕಿ.” ಹೀಗೆಂದು ಒಳಗೆ ಬಂದು ಮಗಳನ್ನು ನನ್ನ ತಟ್ಟಿನ ಮೇಲೆಯೇ ಕೂಡಿಸಿದಳು. ಗಂಡ ಬಾಗಿಲ ತನಕ ಬಂದವನು ಮುಂದೆ ಬರಲಾರದೆ ನಿಂತ.

ಮೊದಲು ಬಡಿಗೇರ ಹುಡುಗಿ ಬಂದಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಎಲ್ಲರೂ ಬರಲಿಲ್ಲ, ಗೌಡರ ಮನೆಯವರು ಆ ಶಾಲೆಯ ಕಡೆಗೆ ಮತ್ತೆ ತಲೆ ಹಾಕಲಿಲ್ಲ. ಆದರೆ ನಮ್ಮನ್ನು ಯಾರೂ ಕಟ್ಟೆಗೆ ಎಬ್ಬಿಸಲಿಲ್ಲ.

ಸೇಡು ಬೇರೆ ದಾರಿಯಿಂದ ಬಂತು. ಪರೀಕ್ಷೆ ಮುಗಿಯುವ ಮೊದಲೇ ಅಕ್ಕೋರಿಗೆ ವರ್ಗವಾಯಿತು, ಶಿಗ್ಗಾಂವಿ ತಾಲೂಕಿನ ಹುಲಗೂರಿಗೆ. ಹೋಗುವ ದಿನ ನಾವೆಲ್ಲ ಅಳುತ್ತಾ ಚಕ್ಕಡಿ ಸುತ್ತ ನಿಂತಿದ್ದೆವು. ಗೌಡರು ಎದುರಿನ ಮನೆಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಅಕ್ಕೋರು ಕೊಡೆ ಬಿಚ್ಚಿ, ಅವರಿಗೆ ಕೇಳುವಂತೆ ಹೇಳಿದರು: “ಹುಲಗೂರಾಗೂ ಹುಡಿಗ್ಯಾರು ಅದಾರಂತ್ರಿ. ಅವಕ್ಕೂ ಸಿಟ್ಟು ಬರತೈತಂತ.”

ನಮ್ಮ ಪುಸ್ತಕವನ್ನು ಅವರು ಒಯ್ಯಲಿಲ್ಲ. ಕೈಯಿಂದ ಕೈಗೆ ಓಡಾಡಿ ಅದರ ಅಂಚು ಸವೆಯಿತು, ಹುಣಸೆ ಬೀಜದ ಸರಿಯ ರುಚಿಗೆ ಇಲಿಗಳು ಬಂದವು. ಈಗ ಅದರ ಒಂದು ಪುಟವೂ ಎಲ್ಲಿಯೂ ಇಲ್ಲ. ಅಚ್ಚಾಗಲಿಲ್ಲವೆಂಬ ಹಳಹಳಿ ಅವರಿಗೆ ಇರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಮುಂದೆ ಒಮ್ಮೆ ಹುಲಗೂರಿಗೆ ಹೋದಾಗ ಪರವೂರಿನಿಂದ ಬಂದ ಬಣ್ಣದ ಅಚ್ಚಿನ ಪುಸ್ತಕವೊಂದನ್ನು ಅವರಿಗೆ ಕೊಟ್ಟೆ. ಬೆರಳಿನಿಂದ ಕೆಂಪಿನ ಮೇಲೆ ಉಜ್ಜಿ ಉಜ್ಜಿ ನೋಡಿದರು. “ನೋಡಿಲ್ಲೆ. ಬಣ್ಣ ಒಂಚೂರೂ ಒಡದಿಲ್ಲ” ಎಂದರು. ಆಮೇಲೆ ಪುಟ ತಿರುವಿ, ಕೊನೆಯ ನೀತಿಯನ್ನು ಓದಿ, “ಇಷ್ಟು ಛಲೋ ಕೆಂಪು ದಂಡ ಮಾಡ್ಯಾರ” ಎಂದು ಮೂಗು ಮುರಿದರು.

ಅಲ್ಲಿಯೂ ಅವರು ಸುಮ್ಮನೆ ಕುಳಿತಿರಲಿಲ್ಲ. ದರ್ಗಾದ ಓಣಿಯ ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲವೆಂದು ತಾವೇ ಪುಸ್ತಕಗಳ ಗಂಟು ಹೊತ್ತು ಓಣಿಗೆ ಹೋಗುತ್ತಿದ್ದರು. ಅಲ್ಲಿಯ ಹೆಣ್ಣುಮಕ್ಕಳು ಚಿತ್ರ ನೋಡಲು ಸೇರುತ್ತಿದ್ದರು. ಅವರಲ್ಲಿ ಕೆಲವರು ಮಕ್ಕಳ ಹಿಂದೆ ಶಾಲೆಯ ಬಾಗಿಲ ತನಕ ಬಂದರಂತೆ.

ನೀಲವ್ವ ಮದುವೆಯಾಗಿ ಸವಣೂರಿನ ಎಲೆಬಳ್ಳಿ ತೋಟದವರ ಮನೆ ಸೇರಿದಳು. ನಾನು ಮುಲ್ಕಿ ಪಾಸಾದೆ. ಟ್ರೇನಿಂಗ್ ಮುಗಿಸಿದೆ. ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ, ಹಿರೇಕೆರೂರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಹಾಕಿದರು. ನೇಮಕದ ಕಾಗದ ಹಿಡಿದು ಹೋದರೆ ನನ್ನ ಕುರ್ಚಿ ಶಾಲೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ಊರ ಪಾಟೀಲರು ಹೇಳಿ ಕಳಿಸಿದ್ದರು: ಹೊಸ ಅಕ್ಕೋರು ಹೊರಗೇ ಕುಳಿತು ಪಾಠ ಹೇಳಲಿ, ಒಳಗೆ ದೇವರ ಫೋಟೋ ಇದೆ.

ನಾನು ಆ ಕುರ್ಚಿಯ ಮೇಲೆ ಕುಳಿತೆ. ಒಂದು ವಾರ ಕುಳಿತೆ. ಕೆಲಸ ಹೊಸದು, ಊರು ಹೊಸದು, ಮನೆಯಲ್ಲಿ ಅವ್ವನೂ ಅಪ್ಪನೂ ನನ್ನನ್ನೇ ನಂಬಿದ್ದರು.

ಯಾರ ಬಾಯಿಂದ ಅಕ್ಕೋರಿಗೆ ಸುದ್ದಿ ಹೋಯಿತೋ. ಆಗ ಅವರ ಎದೆ ಸರಿ ಇರಲಿಲ್ಲ, ನಾಲ್ಕು ಮಾರು ನಡೆದರೆ ಏದುಸಿರು. ಆದರೂ ಬಸ್ಸು ಹಿಡಿದು, ಚಕ್ಕಡಿ ಹತ್ತಿ ಒಂದು ರಜೆಯ ಬೆಳಗ್ಗೆ ನನ್ನ ಬಾಡಿಗೆ ಗುಡಿಸಲಿಗೆ ಬಂದರು. ನಾನು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಾಕಿ ತಾಟು ಮುಂದಿಟ್ಟೆ. ಅವರು ಮುಟ್ಟಲಿಲ್ಲ.

“ಸಿಟ್ಟು ಬಂತೇನು?”

“ಬಂತ್ರಿ.”

“ಯಾರ ಮುಂದ ಹೇಳಿದಿ?”

“ಯಾರ ಮುಂದನೂ ಇಲ್ರಿ.”

ತಾಟನ್ನು ನನ್ನ ಕಡೆ ಸರಿಸಿದರು. “ಹಂಗಾರ ನಾ ಉಣ್ಣಂಗಿಲ್ಲ. ಹೇಳಿ ಬಾ, ಹೋಗು.”

“ನೀವೂ ಬರ್ರಿ ಅಕ್ಕೋರ.”

“ನಾ ಯಾಕ ಬರ್ಲಿ? ಕುರ್ಚಿ ನಿಂದೋ ನಂದೋ?”

ನಾನು ಸೆರಗು ಬಿಗಿದು ಹೊರಟೆ. ಸಿಟ್ಟು ಪಾಟೀಲರ ಮೇಲಷ್ಟೇ ಅಲ್ಲ, ಇವರ ಮೇಲೂ ಬಂದಿತ್ತು. ಪಾಟೀಲರು ಮನೆಯ ಮುಂದೆ ನಾಲ್ಕು ಜನರ ಜೊತೆ ಕುಳಿತಿದ್ದರು. ಬೀದಿಯಲ್ಲಿ ನಿಂತೇ ಹೇಳಿದೆ.

“ಪಾಟೀಲ್ರ, ಒಂದು ವಾರದಿಂದ ನನ್ನನ್ನ ಅಂಗಳದಾಗ ಕುಂದರಿಸೀರಿ. ನನಗ ಸಿಟ್ಟು ಬಂದೈತ್ರಿ. ನಿಮ್ಮ ಮಕ್ಕಳಿಗೆ ಅಕ್ಷರಾ ಕಲಸಾಕ ನನ್ನನ್ನ ಸರಕಾರ ಕಳಿಸೇತಿ. ಕುರ್ಚಿ ಒಳಗ ಒಯ್ಯತೇನಿ. ಬ್ಯಾಡ ಅನ್ನಾವ್ರು ಈಗ ಬಂದು ನನ್ನ ಮುಂದ ನಿಂತು ಅನ್ರಿ.”

ಪಾಟೀಲರು ಎದ್ದು ನಿಂತರು. ಯಾರೂ ಮುಂದೆ ಬರಲಿಲ್ಲ. ನಾನು ಶಾಲೆಗೆ ಹೋಗಿ ಬೇವಿನ ಕೆಳಗಿನ ಕುರ್ಚಿ ಎತ್ತಿದೆ. ಬಹಳ ಭಾರವಿತ್ತು. ಎರಡು ಕಡೆ ಇಳಿಸಿ ಇಳಿಸಿ ಒಯ್ದು ಮೇಜಿನ ಹಿಂದೆ ಇಟ್ಟೆ. ಬೀದಿಯ ಜನ ನೋಡುತ್ತಾ ನಿಂತಿದ್ದರು, ಒಬ್ಬರೂ ಕೈ ಹಚ್ಚಲಿಲ್ಲ, ಒಬ್ಬರೂ ತಡೆಯಲಿಲ್ಲ.

ತಿರುಗಿ ಬಂದಾಗ ರೊಟ್ಟಿ ತಣ್ಣಗಾಗಿತ್ತು. ನಾನು ಹೇಳಿದ್ದನ್ನೆಲ್ಲ ಅಕ್ಕೋರು ಕೇಳಿಸಿಕೊಂಡರು. ಹೊಗಳಲಿಲ್ಲ. ಎರಡು ರೊಟ್ಟಿ ತಿಂದರು, ಪಲ್ಯಕ್ಕೆ ಉಪ್ಪು ಕಡಿಮೆ ಎಂದರು. ಮಧ್ಯಾಹ್ನದ ಬಸ್ಸು ಹಿಡಿಯಬೇಕೆಂದು ಎದ್ದರು. ಚಕ್ಕಡಿ ಹತ್ತುವಾಗ ನನ್ನ ಹೆಗಲು ಹಿಡಿದರು. ಆ ಕೈ ಎಷ್ಟು ಹಗುರಾಗಿದೆಯೆಂದು ಆಗ ತಿಳಿಯಿತು.

“ಮುಂದಿನ ಸಲಾ ನಾ ಬರೂ ತನಕ ಕಾಯಬ್ಯಾಡ” ಎಂದರು.

ಅದೇ ಕೊನೆ. ಆ ವರ್ಷವೇ ಅವರು ಹೋದರು. ಮುಂದಿನ ಸಲಗಳು ನನ್ನ ನೌಕರಿಯುದ್ದಕ್ಕೂ ಒಂದರ ಹಿಂದೊಂದು ಬಂದವು. ನಾನು ಕಾಯಲಿಲ್ಲ.